ಎಡಗಡೆ ಅವರು, ಬಲಗಡೆ ನಾನು

ಕಂಡಕ್ಟರಮ್ಮ ನನ್ನ ಕೋಣೆಗೆ ಬಂದದ್ದು ಬಾಗಿಲು ತಪ್ಪಿ. ನಮ್ಮ ಹಿರಿಯ ಸರ್ಜನ್, ದೊಡ್ಡ ಡಾಕ್ಟರ ಕೋಣೆ ಪಕ್ಕದ್ದು. ಅಲ್ಲಿ ಎಂದಿನಂತೆ ಬೆಂಚು ತುಂಬಿ, ಉಳಿದವರು ಗೋಡೆಗೆ ಒರಗಿಕೊಂಡು, ನೆಲದ ಮೇಲೆ ಕೂತುಕೊಂಡು ಕಾಯುತ್ತಿದ್ದರು. ನನ್ನ ಕೋಣೆಯ ಮುಂದೆ ಫ್ಯಾನು ಒಂದೇ ತಿರುಗುತ್ತಿತ್ತು. ಖಾಕಿ ಬಟ್ಟೆ ತೊಟ್ಟು, ಕುತ್ತಿಗೆಗೆ ಬಿಗಿಯಾಗಿ ದುಪಟ್ಟಾ ಸುತ್ತಿಕೊಂಡಿದ್ದ ಹೆಂಗಸು ಒಳಗೆ ಇಣುಕಿದಳು.

"ಇದು ಹೆರಿಗೆ ಡಾಕ್ಟ್ರು ರೂಮೇನ್ರಿ?"

"ಅಲ್ಲಮ್ಮ. ನಾನು ಸರ್ಜನ್. ಆಪರೇಷನ್ ಮಾಡೋಳು."

"ಹೆರಿಗೆ ಆಪರೇಷನ್ನಾ?"

ಚಿತ್ರದುರ್ಗದ ಈ ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕುಂತ್ಕಳಮ್ಮ ಎಂದು ಕುರ್ಚಿ ತೋರಿಸಿ, ದುಪಟ್ಟಾ ಬಿಚ್ಚಿಸಿದೆ. ಕುತ್ತಿಗೆಯ ಎರಡೂ ಕಡೆ ಥೈರಾಯ್ಡ್ ಗಡ್ಡೆ ಬೆಳೆದಿತ್ತು. ಬಲಗಡೆಯದು ಹೆಚ್ಚು ದೊಡ್ಡದು. ನೀರು ಕೊಟ್ಟು ನುಂಗಲು ಹೇಳಿದಾಗ ಗಡ್ಡೆ ಮೇಲೆ ಬಂತು, ಆದರೆ ಬಲಗಡೆ ಅದರ ತಳ ಬೆರಳಿಗೆ ಸಿಗಲಿಲ್ಲ. ಎದೆಮೂಳೆಯ ಹಿಂದಕ್ಕೆ ಇಳಿದಿತ್ತು. ಎರಡೂ ಕೈಗಳನ್ನು ಕಿವಿಗೆ ತಾಗುವಂತೆ ಮೇಲೆತ್ತಿ ಹಿಡಿದುಕೊಳ್ಳಲು ಹೇಳಿದೆ. ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ ಉಸಿರು ಕಟ್ಟತೊಡಗಿತು. ಕೈ ಇಳಿಸಿದ ಮೇಲೆ ಅವಳು ಏದುಸಿರು ಬಿಡುತ್ತಲೇ ನಕ್ಕಳು.

"ಬಸ್ಸಿನಾಗೆ ಮ್ಯಾಲಿನ ಕಂಬಿ ಹಿಡ್ಕಂಡ್ರೂ ಹಿಂಗೇ ಆಗ್ತೈತ್ರಿ. ನಾನು ವಯಸ್ಸಾಯ್ತು ಅನ್ಕಂಡಿದ್ದೆ."

ಅವಳು ಹಿರಿಯೂರಿನಿಂದ ಹೊಸದುರ್ಗಕ್ಕೆ ಓಡಾಡುವ ಸರ್ಕಾರಿ ಬಸ್ಸಿನ ಕಂಡಕ್ಟರ್. ತವರು, ಗಂಡನ ಮನೆ ಎರಡೂ ಯಲ್ಲದಕೆರೆಯೇ. ಗಡ್ಡೆ ತೆಗೆಯಲೇಬೇಕು, ಬಿಟ್ಟರೆ ಉಸಿರಿನ ಕೊಳವೆಯನ್ನು ಹಿಸುಕುತ್ತದೆ ಎಂದು ವಿವರಿಸಿದೆ. ಕಾಗದದ ಮೇಲೆ ಚಿತ್ರ ಬರೆದು, ಗಡ್ಡೆಯ ಹಿಂದೆ ಎಡಕ್ಕೊಂದು ಬಲಕ್ಕೊಂದು ದಾರದಂಥ ನರ ಇರುತ್ತದೆ, ಧ್ವನಿ ಬರುವುದು ಅವುಗಳಿಂದ, ಒಂದಕ್ಕೆ ಪೆಟ್ಟಾದರೂ ಗಂಟಲು ಒಡೆಯುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅವಳ ಮುಖ ಬಾಡಿತು.

"ನನ್ನ ಅನ್ನ ಇರಾದೇ ಈ ಗಂಟಲಾಗೆ ಅಮ್ಮ. ಕೂಗಿದ್ರೆ ಕಂಡಕ್ಟ್ರು. ಕೂಗಕ್ಕಾಗ್ದಿದ್ರೆ ನಾನೂ ಒಬ್ಳು ಪ್ಯಾಸೆಂಜರ್ರೇ."

ಅಂಥ ನರ ಹುಡುಕಿ ಉಳಿಸುವುದನ್ನೇ ನಾನು ವಿಶೇಷವಾಗಿ ಕಲಿತು ಬಂದಿದ್ದೇನೆ ಎಂದು ಧೈರ್ಯ ತುಂಬಿದೆ. ಅವಳು ಎಲ್ಲವನ್ನೂ ಕೇಳಿ, ಚಿತ್ರವನ್ನು ಮಡಚಿ ಟಿಕೆಟ್ ಚೀಲಕ್ಕೆ ಹಾಕಿಕೊಂಡು, ದುಪಟ್ಟಾ ಸುತ್ತಿಕೊಂಡು ಎದ್ದಳು. "ಎಷ್ಟು ಚೆನ್ನಾಗಿ ಬಿಡ್ಸಿ ಹೇಳಿದ್ರಿ ಅಮ್ಮ. ದೊಡ್ಡ ಡಾಕ್ಟ್ರು ರೂಮು ಯಾವ್ದು?"

ನಮ್ಮ ಕಡೆ ಡಾಕ್ಟರ ಓದನ್ನು ಯಾರೂ ಕೇಳುವುದಿಲ್ಲ, ಕೈಗುಣ ಕೇಳುತ್ತಾರೆ. ಅದೇ ಮಾತ್ರೆ, ಅದೇ ಅಂಗಡಿಯದು. ಒಬ್ಬರು ಬರೆದುಕೊಟ್ಟರೆ ವಾಸಿಯಾಗುತ್ತದೆ, ಇನ್ನೊಬ್ಬರು ಬರೆದುಕೊಟ್ಟರೆ ಆಗುವುದಿಲ್ಲ. ಅದು ಕೈಗುಣ. ಯಾವ ಕಾಲೇಜಿನಲ್ಲೂ ಅದನ್ನು ಕಲಿಸುವುದಿಲ್ಲ, ಯಾವ ಪರೀಕ್ಷೆಯಲ್ಲೂ ಅದಕ್ಕೆ ಅಂಕ ಇಲ್ಲ. ಈ ಮಾತನ್ನು ಮೊದಲು ಆಡಿದ ಮನುಷ್ಯ ಎಲ್ಲಾದರೂ ಸಿಕ್ಕರೆ ಎದುರು ನಿಲ್ಲಿಸಿಕೊಂಡು ಜಗಳ ಆಡಬೇಕು ಎಂದು ನನಗೆ ಬಹಳ ದಿನದ ಆಸೆ. ರಾಮಗಿರಿಯ ಒಬ್ಬನಿಗೆ ಪಿತ್ತಕೋಶದ ಕಲ್ಲಿಗೆ ಸಣ್ಣ ರಂಧ್ರದಲ್ಲೇ ಆಪರೇಷನ್ ಮಾಡಿ ಬೇಗ ಮನೆಗೆ ಕಳಿಸಿದ್ದೆ. ಹೊರಡುವಾಗ ಆತ ಹೋಗಿ ಅಡ್ಡಬಿದ್ದದ್ದು ದೊಡ್ಡ ಡಾಕ್ಟರ ಕಾಲಿಗೆ. ಅವರು ಮಾಡಿದ್ದೇನು? ಬೆಳಗ್ಗೆ ವಾರ್ಡಿನಲ್ಲಿ ಹಾದು ಹೋಗುವಾಗ ಆತನ ಭುಜದ ಮೇಲೆ ಕೈಯಿಟ್ಟು "ಗಂಜಿ ಕುಡಿದೇನಪ್ಪ?" ಎಂದಿದ್ದರು.

ಹೊಟ್ಟೆ ಉರಿಯುತ್ತಿತ್ತು. ಬೇರೆ ಸಭ್ಯ ಪದ ನನ್ನ ಬಳಿ ಇಲ್ಲ.

ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅದೂ ಇರಲಿಲ್ಲ. ವಾರಕ್ಕೊಂದು ದಿನ ರಾಮಗಿರಿಗೋ ಹೊರಕೆರೆದೇವಪುರಕ್ಕೋ ಹೋಗಿ ಶಾಲೆಯ ವರಾಂಡದಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದರು. ಊರುಗಳಲ್ಲಿ ಹೊಡೆದಾಟವಾಗಿ ಎರಡು ಕಡೆಯವರೂ ತಲೆ ಒಡೆಸಿಕೊಂಡು ಬಂದರೆ, ಹೊಡೆದವನಿಗೂ ಹೊಡೆಸಿಕೊಂಡವನಿಗೂ ಅಕ್ಕಪಕ್ಕದ ಹಾಸಿಗೆ ಕೊಡಿಸುತ್ತಿದ್ದರು. ಪೊಲೀಸರಿಗೆ ತಿಳಿಸುವುದನ್ನು ತಿಳಿಸಿ, ಹೊಲಿಗೆ ಹಾಕುವುದನ್ನು ಹಾಕಿ, ಆಮೇಲೆ ಇಬ್ಬರಿಗೂ ಸೇರಿ ಒಂದೇ ನೀರಿನ ಜಗ್ ಇಡಿಸುತ್ತಿದ್ದರು. ನರ್ಸ್‌ಗಳು ಬೈದುಕೊಳ್ಳುತ್ತಿದ್ದರು, ನಾನೂ ಬೈದುಕೊಳ್ಳುತ್ತಿದ್ದೆ. ಹೊಲಿಗೆ ಬಿಚ್ಚುವ ಹೊತ್ತಿಗೆ ಆ ಇಬ್ಬರೂ ಒಬ್ಬನ ಮೊಬೈಲಿನಲ್ಲಿ ಒಟ್ಟಿಗೆ ಕ್ರಿಕೆಟ್ ನೋಡುತ್ತಿರುತ್ತಿದ್ದರು. ಅದನ್ನು ನೋಡಿದರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಕಂಡಕ್ಟರಮ್ಮನನ್ನು ಅವರೇ ಮತ್ತೆ ನನ್ನ ಕೋಣೆಗೆ ಕರೆದುಕೊಂಡು ಬಂದರು.

"ಡಾಕ್ಟ್ರಮ್ಮ, ಗಡ್ಡೆ ಒಳಗೆ ಇಳಿದೈತೆ. ಒಬ್ಬರ ಕೈಲಿ ಆಗೋದಲ್ಲ. ಇಬ್ರೂ ಸೇರಿ ಮಾಡಾಣ. ಎಡಗಡೆ ನಾನು ಬಿಡಿಸ್ತೀನಿ, ಬಲಗಡೆ ಏನು ಅನ್ನೋದು ಟೇಬಲ್ ಹತ್ರ ನೋಡಾಣ."

ಸ್ಕ್ಯಾನ್ ಆಯಿತು, ಸೂಜಿ ಪರೀಕ್ಷೆ ಆಯಿತು, ಕ್ಯಾನ್ಸರ್ ಅಲ್ಲ ಎಂದು ಬಂತು. ಕಿವಿ ಮೂಗು ಗಂಟಲಿನ ಡಾಕ್ಟರು ನೋಡಿ ಧ್ವನಿಪಟಲಗಳು ಎರಡೂ ಚೆನ್ನಾಗಿ ಆಡುತ್ತಿವೆ ಎಂದರು. ಇನ್ನೇನು ದಿನ ಗೊತ್ತುಮಾಡಬೇಕು, ಅಷ್ಟರಲ್ಲಿ ದೊಡ್ಡ ಡಾಕ್ಟರು ಹೊಸದೊಂದು ಷರತ್ತು ತೆಗೆದರು. ಆಪರೇಷನ್ ದಿನ ಅವಳ ಅಣ್ಣನೂ ಅತ್ತೆಯೂ ಇಬ್ಬರೂ ಬರಬೇಕು, ಒಂದೇ ಬೆಂಚಿನ ಮೇಲೆ ಕೂರಬೇಕು. ಎರಡು ಮನೆಗೂ ಬಂಡಿದಾರಿಯ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟು ವರ್ಷಗಳಾಗಿದ್ದವು.

"ಥೈರಾಯ್ಡಿಗೂ ಬಂಡಿದಾರಿಗೂ ಏನು ಸಂಬಂಧ ಸರ್?" ಎಂದೆ. ಪಂಚಾಯಿತಿ ಮಾಡಲು ಬೇರೆ ಜಾಗ ಇಲ್ಲವೇ ಎಂಬುದು ನನ್ನ ದನಿಯಲ್ಲಿ ಚೆನ್ನಾಗಿಯೇ ಕೇಳಿಸಿರಬೇಕು.

"ಎರಡು ಮನೆ ನಡುವೆ ಮಾತು ದಾಟಿಸ್ತಿರೋಳು ಇವಳೊಬ್ಳೇ ಕಣ್ರಿ. ಆಪರೇಷನ್ ಆದ್ಮೇಲೆ ಸ್ವಲ್ಪ ದಿನ ಬಾಯಿ ಬಿಡಂಗಿಲ್ಲ. ಇವಳು ಸುಮ್ನಾದ್ರೆ ಅವರು ಬಡಿದಾಡ್ತಾರೆ. ಬಡಿದಾಟ ಬಿಡ್ಸಕ್ಕೆ ಇವಳು ಕೂಗ್ತಾಳೆ. ಆಗ ನಮ್ಮ ಹೊಲಿಗೆ ಏನಾಗ್ಬೇಕು?"

"ಇದೆಲ್ಲ ನಿಮಗೆ ಹೆಂಗೆ ಗೊತ್ತಾಯ್ತು?"

"ಕೇಳ್ದೆ."

ನಾನೂ ಕೇಳಿದ್ದೆ. ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀಯ ಎಂದೆಲ್ಲ ಕೇಳಿದ್ದೆ.

ಆ ದಿನ ಬೆಳಗ್ಗೆ ಅಣ್ಣ ಬೆಂಚಿನ ಈ ತುದಿಯಲ್ಲಿ, ಅತ್ತೆ ಆ ತುದಿಯಲ್ಲಿ ಕೂತಿದ್ದರು. ಗಂಡ ಇಬ್ಬರಿಗೂ ಅಂಜಿಕೊಂಡು ನಿಂತೇ ಇದ್ದ. ಓಟಿಯೊಳಗೆ ದೊಡ್ಡ ಡಾಕ್ಟರು ಕಂಡಕ್ಟರಮ್ಮನ ತಲೆಯ ಹತ್ತಿರ ನಿಂತು ಅವಳ ಕೈ ಹಿಡಿದುಕೊಂಡಿದ್ದರು. ಗಡ್ಡೆ ಉಸಿರಿನ ಕೊಳವೆಯನ್ನು ಒಂದು ಪಕ್ಕಕ್ಕೆ ತಳ್ಳಿದ್ದರಿಂದ ಅರಿವಳಿಕೆ ಡಾಕ್ಟರಿಗೆ ಕಷ್ಟವಾಯಿತು. ಮೊದಲು ಹಾಕಲು ಹೋದ ಟ್ಯೂಬು ಹೋಗಲಿಲ್ಲ. ಅದಕ್ಕಿಂತ ಸಣ್ಣದನ್ನು ತೆಗೆದುಕೊಂಡು, ಕ್ಯಾಮೆರಾ ಇಟ್ಟು ನೋಡುತ್ತಾ ಇಳಿಸಿದರು. ಅದು ಸರಿಯಾದ ಜಾಗಕ್ಕೆ ಹೋಗಿ ಎದೆ ಏರಿಳಿಯತೊಡಗಿತು.

ಭುಜದ ಕೆಳಗೆ ದಿಂಬು ಕೊಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸಿದೆವು. ದೊಡ್ಡ ಡಾಕ್ಟರು ರೇಷ್ಮೆ ದಾರವೊಂದನ್ನು ಎರಡು ಕೈಯಲ್ಲಿ ಹಿಡಿದು ಕುತ್ತಿಗೆಯ ಮೇಲೆ ಒತ್ತಿದರು. ದಾರದ ಗುರುತು ಚರ್ಮದ ಮಡಿಕೆಯ ಮೇಲೇ ಮೂಡಿತು. ಅಲ್ಲೇ ಕೊಯ್ದರೆ ಆಮೇಲೆ ತಾಳಿಸರದ ಕೆಳಗೆ ಗಾಯ ಕಾಣುವುದಿಲ್ಲ. ಚರ್ಮದ ಪದರ ಎತ್ತಿ, ಮಧ್ಯದಲ್ಲಿ ಸ್ನಾಯುಗಳನ್ನು ಬಿಡಿಸಿ, ಎಡಗಡೆಯಿಂದ ಶುರುಮಾಡಿದರು. ಕೊಯ್ದ ಅಂಚನ್ನು ಎಳೆದು ಹಿಡಿಯುವ ರಿಟ್ರ್ಯಾಕ್ಟರ್ ನಾನು ಹಿಡಿದೆ.

"ಮೆಷಿನ್ ಐತೆ ಸರ್, ರಕ್ತನಾಳ ಅದರಲ್ಲೇ ಮುಚ್ಚಬಹುದು" ಎಂದೆ.

"ಅದು ನಿಮಗಿರ್ಲಿ. ನನಗೆ ದಾರ ಕೊಡ್ರಿ ಸಿಸ್ಟರ್."

ಅವರ ಕೆಲಸ ನೋಡುವುದೇ ನನಗೆ ಶಿಕ್ಷೆ. ಆತುರವಿಲ್ಲ, ರಕ್ತನಾಳ ಕಚ್ಚಿ ಹಿಡಿಯುವ ಕ್ಲಾಂಪನ್ನು ಒಂದೇ ಕಡೆ ಎರಡು ಸಲ ಇಡುವುದಿಲ್ಲ, ರಕ್ತ ಒರೆಸಲು ಬಟ್ಟೆ ಕೇಳುವುದು ಅಪರೂಪ. ಜನ ಸುಮ್ಮನೆ ಕೊಂಡಾಡುತ್ತಾರೆ ಎಂದುಕೊಂಡು ಸಮಾಧಾನ ಮಾಡಿಕೊಳ್ಳಲು ಆ ಕೈ ನನಗೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಗಡ್ಡೆಯ ಮೇಲ್ತುದಿಯ ರಕ್ತನಾಳಗಳನ್ನು ಬಿಡಿಸಿ ಕಟ್ಟಿದರು. ಕೊನೆಯ ಗಂಟು ಹಾಕಲು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಗಡ್ಡೆಯನ್ನು ಒಳಕ್ಕೆ ಮಗುಚಿ, ಉಸಿರಿನ ಕೊಳವೆಯ ಪಕ್ಕದ ಸಂದಿನಲ್ಲಿ ಹುಡುಕಿ, ಬಿಳಿಯ ನರವನ್ನು ತೋರಿಸಿದರು. "ಸಿಕ್ತು ನೋಡ್ರಿ. ಇನ್ನು ಇದನ್ನ ಮುಟ್ಟಂಗಿಲ್ಲ, ದೂರದಿಂದ್ಲೇ ನಮಸ್ಕಾರ." ಎಡ ಭಾಗ ಸ್ವಚ್ಛವಾಗಿ ಕೈಗೆ ಬಂತು.

ಬಲಗಡೆಗೆ ಹೊರಳಿ, ಮೇಲ್ತುದಿಗೆ ಕ್ಲಾಂಪ್ ಒಯ್ದವರು ಅಲ್ಲೇ ನಿಂತರು. ಕ್ಲಾಂಪಿನ ಮೊನೆ ಅದುರುತ್ತಿತ್ತು. ಹಿಂದಕ್ಕೆ ತೆಗೆದು, ಬೆರಳು ಮಡಚಿ ಬಿಡಿಸಿ, ಮತ್ತೆ ಒಯ್ದರು. ಮತ್ತೆ ಅದುರಿತು. ಅರಿವಳಿಕೆ ಡಾಕ್ಟರು ತಲೆಯೆತ್ತಿ ನೋಡಿ, ತಕ್ಷಣ ತಮ್ಮ ಮಾನಿಟರಿನ ಕಡೆ ತಿರುಗಿದರು.

"ಡಾಕ್ಟ್ರಮ್ಮ, ಇಲ್ಲಿಂದ ನೀವು ಮಾಡ್ರಿ" ಎಂದರು ದೊಡ್ಡ ಡಾಕ್ಟರು. ಕ್ಲಾಂಪನ್ನು ಸಿಸ್ಟರ್ ಕೈಗೆ ಕೊಟ್ಟು, ಟೇಬಲ್ ಸುತ್ತಿ ಬಂದು, ನನ್ನ ಜಾಗದಲ್ಲಿ ನಿಂತು ರಿಟ್ರ್ಯಾಕ್ಟರ್ ಹಿಡಿದರು. ನಾನು ಅವರ ಜಾಗಕ್ಕೆ ಹೋದೆ. ಆಗ ನನಗಾದದ್ದು ಸಂತೋಷ. ಅಯ್ಯೋ ಪಾಪ ಎಂದು ಅನಿಸಬೇಕಿತ್ತು ಎಂದು ಓದುವವರು ಹೇಳಬಹುದು. ಅನಿಸಲಿಲ್ಲ.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಎದೆಮೂಳೆಯ ಹಿಂದಿನ ಗಂಟನ್ನು ಬೆರಳು ಹಾಕಿ ನಿಧಾನವಾಗಿ ಮೇಲಕ್ಕೆ ಎತ್ತಿದೆ. ಹಿಂದೆ ಸಂದಿನಲ್ಲಿ ನರ ಇರಲಿಲ್ಲ. ಹುಡುಕಿದೆ, ಮತ್ತೆ ಹುಡುಕಿದೆ. ಗಡ್ಡೆ ಬೆಳೆಯುತ್ತಾ ನರವನ್ನು ತನ್ನ ಜೊತೆಗೇ ಎತ್ತಿಕೊಂಡು ಬಂದಿತ್ತು. ಅದು ಗಂಟಿನ ಮೈಮೇಲೆ ಬಿಗಿದ ತಂತಿಯ ಹಾಗೆ ಹಾದುಹೋಗಿತ್ತು. ನಾನು ಅವಸರದಲ್ಲಿ ಕ್ಲಾಂಪ್ ಹಾಕಿದ್ದರೆ ಅದರ ಮೇಲೇ ಹಾಕುತ್ತಿದ್ದೆ. ಇಂಚಿಂಚಾಗಿ ಬಿಡಿಸುತ್ತಾ ಬಂದೆ. ಕೊನೆಗೆ ಗಡ್ಡೆ ಕೊಳವೆಗೆ ಅಂಟಿಕೊಳ್ಳುವ ಜಾಗದಲ್ಲಿ, ನರ ಒಳಗೆ ಹೋಗುವ ಕಡೆಯೇ, ರಕ್ತ ಚಿಮ್ಮಿತು. ಎಲ್ಲ ಕೆಂಪಾಗಿ ನರ ಮುಳುಗಿಹೋಯಿತು.

ಅಲ್ಲಿ ಕೈ ತಾನಾಗಿಯೇ ಕ್ಲಾಂಪ್ ಕೇಳುತ್ತದೆ. ಕೇಳಲಿಲ್ಲ. ಗಾಜ್ ಇಟ್ಟು ಬೆರಳಿನಿಂದ ಒತ್ತಿಕೊಂಡು ನಿಂತೆ. ಎದುರಿಗೆ ನಿಂತವರು ಏನಾದರೂ ಹೇಳುತ್ತಾರೆಂದು ಕಾದೆ. ಅವರು ರಿಟ್ರ್ಯಾಕ್ಟರನ್ನು ಒಂದು ಕೂದಲೆಳೆಯಷ್ಟೂ ಅಲುಗಿಸಲಿಲ್ಲ. ರಕ್ತ ತಗ್ಗಿದ ಮೇಲೆ ನೋಡಿದರೆ ನರವೂ ಗಡ್ಡೆಯೂ ಅಲ್ಲಿ ಒಂದಕ್ಕೊಂದು ಅಂಟಿದ್ದವು. ಪೂರ್ತಿ ತೆಗೆಯಲೇಬೇಕೆಂದು ಹೋದರೆ ನರಕ್ಕೆ ಅಪಾಯ. ಸ್ವಲ್ಪ ಉಳಿಸಿದರೆ ನನ್ನ ಭಾಗ ಅವರ ಭಾಗದಷ್ಟು ಸ್ವಚ್ಛವಾಗುವುದಿಲ್ಲ. ಎಡಗಡೆ ಅಷ್ಟು ಚೆಂದವಾಗಿ ಖಾಲಿಯಾಗಿತ್ತು. ಬಲಗಡೆಯನ್ನೂ ಹಾಗೇ ಮಾಡಿ ತೋರಿಸಬೇಕೆಂಬ ಆಸೆ ನನ್ನನ್ನು ಬಿಡುತ್ತಿರಲಿಲ್ಲ.

"ಅವರೆಕಾಳಿನಷ್ಟು ಬಿಡ್ತೀನಿ ಸರ್" ಎಂದೆ.

"ಬಿಡ್ರಿ. ಕ್ಯಾನ್ಸರ್ ಅಲ್ವಲ್ಲ. ಅದು ಅವಳ ಹತ್ರನೇ ಇರ್ಲಿ" ಎಂದರು.

ರಕ್ತ ನಿಂತದ್ದನ್ನು ಮತ್ತೆ ಮತ್ತೆ ನೋಡಿ, ಒಳಗೆ ಸೋರುವ ರಕ್ತ ಹೊರಗೆ ಹರಿಯಲು ಡ್ರೈನ್ ಕೊಳವೆ ಇಟ್ಟು, ಹೊಲಿದೆವು. ಟ್ಯೂಬ್ ತೆಗೆದ ಮೇಲೆ ದೊಡ್ಡ ಡಾಕ್ಟರು ಅವಳ ಕಿವಿಯ ಹತ್ತಿರ ಬಗ್ಗಿ, "ಯಾವ ಊರವ್ವ ನಿಂದು?" ಎಂದರು. ಅರೆನಿದ್ದೆಯಲ್ಲೇ "ಯಲ್ಲದಕೆರೆ" ಎಂದಳು. ದನಿ ಗೊರಗೊರ ಅನ್ನುತ್ತಿತ್ತು. ಟ್ಯೂಬಿನಿಂದ ಮೊದಲು ಹಾಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಥೈರಾಯ್ಡ್ ಆಪರೇಷನ್ ಆದ ದಿನ ಅವರು ರೋಗಿಯ ಪಕ್ಕದ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ನರ್ಸ್‌ಗಳಿದ್ದಾರಲ್ಲ ಎಂದರೂ ಕೇಳುತ್ತಿರಲಿಲ್ಲ. ಇದೂ ಒಂದು ಪ್ರದರ್ಶನ ಎಂದು ನಾನು ಮೂಗು ಮುರಿಯುತ್ತಿದ್ದೆ. ಆ ಸಂಜೆ ದೀಪ ಹಾಕುವ ಹೊತ್ತಿಗೆ ನನಗೆ ಅವರ ಫೋನು ಬಂತು. "ಬರ್ರಿ" ಎಂದು ಇಟ್ಟುಬಿಟ್ಟರು. ಓಡಿ ಹೋದೆ. ಕಂಡಕ್ಟರಮ್ಮ ಮಲಗಲಾರದೆ ಎದ್ದು ಕೂತಿದ್ದಳು. ಕುತ್ತಿಗೆ ಬಿಗಿದು ಊದಿತ್ತು, ಉಸಿರೆಳೆದರೆ ಸೀಟಿ ಊದಿದಂತೆ ಸದ್ದು ಬರುತ್ತಿತ್ತು. ಡ್ರೈನಿನಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು. ಒಳಗೆ ಸೋರಿದ ರಕ್ತವೆಲ್ಲ ಉಸಿರಿನ ಕೊಳವೆಯನ್ನು ಹಿಸುಕುತ್ತಿತ್ತು. ಇಂಥದ್ದರಲ್ಲಿ ಓಟಿಗೆ ಒಯ್ಯುವಷ್ಟರಲ್ಲಿ ಪ್ರಾಣ ಹೋಗುತ್ತದೆ.

ಅವರು ಕತ್ತರಿಯನ್ನು ಅಷ್ಟರಲ್ಲೇ ತೆಗೆದಿಟ್ಟುಕೊಂಡಿದ್ದರು. ಅದನ್ನು ನನ್ನ ಕೈಗೆ ಹಾಕಿ, "ಇಲ್ಲೇ ಬಿಚ್ರಿ" ಎಂದರು. ತಾವು ಹಿಂದಿನಿಂದ ಅವಳ ಬೆನ್ನಿಗೆ ಆತುಕೊಂಡು ತಲೆಯನ್ನು ಹಿಡಿದುಕೊಂಡರು. ನಾನು ಹಾಸಿಗೆಯ ಮೇಲೆಯೇ ಹೊಲಿಗೆ ಕತ್ತರಿಸಿ, ಒಳಗಿನ ಹೊಲಿಗೆಯನ್ನೂ ಬಿಡಿಸಿ, ಬೆರಳು ಹಾಕಿ ಹೆಪ್ಪನ್ನು ಎತ್ತಿ ಎತ್ತಿ ಹಾಕಿದೆ. ಒಮ್ಮೆಲೇ ಅವಳಿಗೆ ಉಸಿರು ಬಂತು. ಗಾಯದ ಮೇಲೆ ಗಾಜ್ ಒತ್ತಿ ಹಿಡಿದುಕೊಂಡೇ ಓಟಿಗೆ ಓಡಿದೆವು.

ಓಟಿಯಲ್ಲಿ ಬಲಗಡೆಯನ್ನು ಮೊದಲು ನೋಡಿದೆ. ತಪ್ಪು ನನ್ನದೇ ಇರಬೇಕು ಎಂದುಕೊಂಡಿದ್ದೆ. ಬಲಗಡೆ ಒಣಗಿತ್ತು. ಎಡಗಡೆ ಮೇಲ್ತುದಿಯ ರಕ್ತನಾಳ ಚಿಮ್ಮುತ್ತಿತ್ತು. ಕಟ್ಟಿದ್ದ ದಾರ ಸಡಿಲವಾಗಿ ಪಕ್ಕಕ್ಕೆ ಬಿದ್ದಿತ್ತು. ಹಿಡಿದು, ಸೂಜಿ ಹಾಯಿಸಿ ಭದ್ರವಾಗಿ ಕಟ್ಟಿದೆ. ದೊಡ್ಡ ಡಾಕ್ಟರು ಈ ಸಲ ಕೈತೊಳೆದು ಬಂದಿರಲಿಲ್ಲ, ದೂರ ನಿಂತಿದ್ದರು.

"ನನ್ನ ಗಂಟು" ಎಂದರು.

ಹೊರಗೆ ಬಂದವರೇ ನೇರವಾಗಿ ಬೆಂಚಿನ ಹತ್ತಿರ ಹೋದರು. ನಾನೂ ಹಿಂದೆಯೇ ಹೋದೆ. ಅಣ್ಣ, ಅತ್ತೆ, ಗಂಡ ಮೂವರೂ ಎದ್ದು ನಿಂತರು. ದೊಡ್ಡ ಡಾಕ್ಟರು ಒಂದು ಮಾತನ್ನೂ ತಿರುಚಲಿಲ್ಲ. "ರಕ್ತ ಬಂದಿದ್ದು ಎಡಗಡೆಯಿಂದ. ಅದು ನಾನು ಮಾಡಿದ ಕಡೆ. ನಾನು ಹಾಕಿದ ಗಂಟು ಜಾರಿತು. ಡಾಕ್ಟ್ರಮ್ಮ ಬಂದು ಬಿಚ್ಚಿ ಜೀವ ಉಳ್ಸಿದ್ರು. ತಪ್ಪು ನಂದು." ಎಂದು ಕೈಮುಗಿದರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣ ಅವರ ಮುಗಿದ ಕೈಗಳನ್ನು ಹಿಡಿದುಕೊಂಡು, "ದೊಡ್ಡ ಮಾತಾಡಬ್ಯಾಡ್ರಿ ಸಾರ್" ಎಂದ. ನನ್ನ ಕಡೆ ಒಬ್ಬರೂ ನೋಡಲಿಲ್ಲ. ಹೋಗಲಿ, ಗಾಬರಿಯಲ್ಲಿದ್ದಾರೆ ಎಂದುಕೊಂಡೆ. ಮುಖ ತೊಳೆಯಲು ನಾನು ಹೋದಾಗ ಗೋಡೆಯಾಚೆ ನೀರಿನ ನಲ್ಲಿಯ ಹತ್ತಿರ ಅಣ್ಣನೂ ಅತ್ತೆಯೂ ನಿಂತಿದ್ದರು.

"ಪಾಪ, ಆಯಮ್ಮನ ತಪ್ಪು ತನ್ನ ಮ್ಯಾಲೆ ಹಾಕ್ಕಂಡ್ರು ನೋಡಪ್ಪ" ಎಂದಳು ಅತ್ತೆ.

"ಮತ್ತೇನತ್ತೆ? ಅವರ ಕೈಗುಣಕ್ಕೆ ಗಂಟು ಜಾರಾದು ಉಂಟಾ?"

"ದೇವರಂಥೋರು."

"ಹೂಂ ಅತ್ತೆ."

ಇಷ್ಟು ವರ್ಷ ಒಂದು ಬಂಡಿದಾರಿಗೆ ಒಂದಾಗದಿದ್ದ ಎರಡು ಮನೆಗಳು ಆ ಸಂಜೆ ನನ್ನ ವಿಷಯದಲ್ಲಿ ಒಂದಾದವು. ದೊಡ್ಡ ಡಾಕ್ಟರು ಬಯಸಿದ್ದ ರಾಜಿ ಹೀಗೆ ಆಯಿತು. ಅದಕ್ಕೆ ನಾನೇ ಬೇಕಾಯಿತು.

ನೇರವಾಗಿ ಅವರ ಕೋಣೆಗೆ ನುಗ್ಗಿದೆ. "ಸರ್, ನೀವು ನಿಜ ಹೇಳಿ ನನ್ನ ಮಾನ ತೆಗೆದ್ರಿ" ಎಂದು ಕೇಳಿಸಿಕೊಂಡದ್ದೆಲ್ಲ ಹೇಳಿದೆ. "ಅಯ್ಯೋ, ಹಂಗಂದ್ರಾ? ನಡೀರಿ, ಇನ್ನೊಂದ್ಸಲ ಹೇಳ್ತೀನಿ" ಎಂದು ಎದ್ದು ಹೋಗಿ, ಇನ್ನೂ ಬಿಡಿಸಿ, ಎಡ ಬಲ ಕೈಯಲ್ಲಿ ತೋರಿಸಿ ಹೇಳಿದರು. ಪರಿಣಾಮ ಇನ್ನೂ ಕೆಟ್ಟದಾಯಿತು. ಮರುದಿನ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಆ ಡಾಕ್ಟ್ರಮ್ಮನನ್ನು ಉಳಿಸಲಿಕ್ಕೆ ದೊಡ್ಡ ಡಾಕ್ಟ್ರು ಎರಡೆರಡು ಸಲ ಬಂದು ಕೈಮುಗಿದರಂತೆ.

ಈ ಮಾತಿಗೆ ಇಂಬು ಕೊಡುವಂತೆ ಅವಳಿಗೆ ಧ್ವನಿಯೂ ಬರಲಿಲ್ಲ. ಹೊಲಿಗೆ ಒಣಗಿ, ಊತ ಇಳಿದು, ಉಸಿರು ಸರಾಗವಾದರೂ ಕಂಡಕ್ಟರಮ್ಮನ ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ಗಂಟಲಿನ ಡಾಕ್ಟರು ಮತ್ತೆ ಕ್ಯಾಮೆರಾ ಹಾಕಿ ನೋಡಿದರು. ಎಡ ಪಟಲ ಚೆನ್ನಾಗಿ ಆಡುತ್ತಿದೆ, ಬಲದ್ದು ಅಲುಗುತ್ತಿಲ್ಲ ಎಂದರು. ಬಲದ್ದು ನನ್ನದು. ನರ ತುಂಡಾಗಿಲ್ಲವೆಂದು ನನಗೆ ಖಾತ್ರಿ ಇತ್ತು, ಕೊನೆಯವರೆಗೂ ಕಣ್ಣಾರೆ ಕಂಡಿದ್ದೆ. ಗಡ್ಡೆಯ ಮೇಲಿಂದ ಬಿಡಿಸುವಾಗ ಎಳೆತಕ್ಕೆ ಸೋತಿರಬೇಕು. ಅಂಥದ್ದು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಕೆಲವೊಮ್ಮೆ ಚೇತರಿಸಿಕೊಳ್ಳುವುದೂ ಇಲ್ಲ.

ಮನೆಯವರಿಗೆ ನಾನೇ ಹೇಳಿದೆ. ಬಲಗಡೆ ಮಾಡಿದವಳು ನಾನು, ನರ ಹೀಗಿತ್ತು, ಹೀಗೆ ಬಿಡಿಸಿದೆ, ಕಾಯಬೇಕು. ಅಣ್ಣ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟ. "ಗೊತ್ತಿತ್ತು ಬಿಡ್ರಿ ಅಮ್ಮ." ದೊಡ್ಡ ಡಾಕ್ಟರು ನಿಜ ಹೇಳಿದರೆ ದೊಡ್ಡತನ. ಅದೇ ನಿಜವನ್ನು ನಾನು ಹೇಳಿದರೆ ಸಿಕ್ಕಿಬಿದ್ದಂತೆ. ಕಂಡಕ್ಟರಮ್ಮ ಮಾತ್ರ ಏನೂ ಅನ್ನಲಿಲ್ಲ. ಅನ್ನಲು ದನಿಯೇ ಇರಲಿಲ್ಲವಲ್ಲ. ನನ್ನ ಮುಖವನ್ನೇ ನೋಡುತ್ತಾ, ಎರಡು ಬೆರಳು ಗಂಟಲ ಮೇಲಿಟ್ಟುಕೊಂಡು ಕೂತಿದ್ದಳು. ಆ ನೋಟ ಇವತ್ತಿಗೂ ನನಗೆ ಬೇಡ.

ದೊಡ್ಡ ಡಾಕ್ಟರು ಒಂದು ದಿನ ಬಾಗಿಲು ಮುಂದೆ ಮಾಡಿಕೊಂಡು ನನ್ನ ಎದುರು ಕೂತರು. "ಹೆಬ್ಬೆಟ್ಟು ಈಚೆಗೆ ನನ್ನ ಮಾತು ಕೇಳ್ತಿಲ್ಲ. ಆವತ್ತು ಬಲಗಡೆಗೆ ಬಂದಾಗ ಒಪ್ಕಂಡೆ, ಎಡಗಡೆನೇ ಒಪ್ಕಬೇಕಿತ್ತು. ಇನ್ಮೇಲೆ ಚಾಕು ನಿಮ್ದು. ನಾನು ಪಕ್ಕ ಇರ್ತೀನಿ, ಹಿಡ್ಕಳೋದು ಹಿಡ್ಕಂತೀನಿ."

ಆ ಮಾತಿಗೆ ನಾನು ವರ್ಷಗಟ್ಟಲೆ ಕಾದಿದ್ದೆ. ಬಂದಾಗ ಇನ್ನೂ ಹೊಟ್ಟೆ ಉರಿಯಿತು. ಬಿಟ್ಟುಕೊಡುವುದನ್ನೂ ಇಷ್ಟು ಚೆನ್ನಾಗಿ ಮಾಡಬೇಕೇ ಈ ಮನುಷ್ಯ ಎನಿಸಿತು. ಅಂದಿನಿಂದ ಅವರ ರೋಗಿಗಳನ್ನೆಲ್ಲ ನಾನೇ ಕೊಯ್ದೆ, ನಾನೇ ಹೊಲಿದೆ. ನಿದ್ದೆ ಬರುವವರೆಗೆ ಅವರು ಕೈ ಹಿಡಿದುಕೊಂಡು ನಿಲ್ಲುತ್ತಿದ್ದರು. ಮಾಡಿದ್ದು ಡಾಕ್ಟ್ರಮ್ಮ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಎಚ್ಚರವಾದವರು ಹುಡುಕುತ್ತಿದ್ದದ್ದು ಆ ಕೈಯನ್ನೇ.

ಕಂಡಕ್ಟರಮ್ಮನಿಗೆ ಡಿಪೊದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಹೊಸದುರ್ಗದ ಕಡೆ ಹೋದಾಗಲೆಲ್ಲ ದೊಡ್ಡ ಡಾಕ್ಟರು ಡಿಪೊಗೆ ಹೋಗಿ, ಅವಳ ಜೊತೆ ಚಹಾ ಕುಡಿದು, ಆ ಎನ್ನಿಸಿ, ಈ ಎನ್ನಿಸಿ, ಪಿಸುಮಾತು ಆಡಬೇಡ, ಅದರಿಂದ ಗಂಟಲಿಗೆ ಇನ್ನೂ ಆಯಾಸ ಎಂದು ಹೇಳಿ ಬರುತ್ತಿದ್ದರು. ನಾನು ಹೋಗಲಿಲ್ಲ. ಗಂಟಲಿನ ಡಾಕ್ಟರಿಗೆ ಫೋನು ಮಾಡಿ ಬಲ ಪಟಲದ ಸುದ್ದಿ ಕೇಳುತ್ತಿದ್ದೆ. ಅಲುಗಿಲ್ಲ. ಇನ್ನೂ ಇಲ್ಲ. ಸ್ವಲ್ಪ ಅದುರಿದ ಹಾಗಿದೆ, ಖಾತ್ರಿಯಿಲ್ಲ.

ಒಂದು ಬೆಳಗ್ಗೆ ರೌಂಡ್ಸಿನ ನಡುವೆ ದೊಡ್ಡ ಡಾಕ್ಟರ ಫೋನು ಹೊಡೆದುಕೊಂಡಿತು. ಎತ್ತಿ ಒಂದು ಕ್ಷಣ ಕೇಳಿದವರು ಅದನ್ನು ನನ್ನ ಕಿವಿಗೆ ಹಿಡಿದರು. ಆ ಕಡೆ ಬಸ್ ನಿಲ್ದಾಣದ ಗಲಾಟೆ. ಅದರ ಮೇಲೆ, ಒಡಕಿಲ್ಲದ ತುಂಬು ದನಿ: "ಸಾರ್, ಕೇಳ್ತೈತಾ? ಇವತ್ತಿಂದ ರೂಟಿಗೆ ಹಾಕಿದ್ರು ಸಾರ್!"

"ಡಾಕ್ಟ್ರಮ್ಮ, ನಿಮ್ಮ ನರ ಮಾತಾಡ್ತೈತೆ" ಎಂದರು ಅವರು. ನಾನು ಔಷಧಿ ಕೋಣೆಯೊಳಗೆ ಹೋಗಿ ಅತ್ತೆ. ಅತ್ತು ಮುಗಿದ ಮೇಲೆ ಅವಳು ಫೋನು ಮಾಡಿದ್ದು ಅವರಿಗೆ ಎಂಬುದು ನೆನಪಾಯಿತು.

ಈಗ ಅವರಿಲ್ಲ. ಹೊರಕೆರೆದೇವಪುರದಿಂದ ವಾಪಸ್ಸು ಬಂದು, ಸುಸ್ತು ಎಂದು ಮಲಗಿದವರು ಏಳಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಅವರನ್ನು ಮಲಗಿಸಿದ್ದಾಗ ನಾಲ್ಕು ತಾಲ್ಲೂಕಿನ ಜನ ಬಂದರು. ಗೇಟು ದಾಟಿ ರಸ್ತೆಯವರೆಗೂ ಜನ. ಒಮ್ಮೆಗೇ ನುಗ್ಗಿ, ಹೆಂಗಸರು ಕಿರುಚಿ, ಯಾರೋ ಬಿದ್ದು, ಪೊಲೀಸರೂ ಕೈಚೆಲ್ಲಿದರು. ನಾನು ಪೋರ್ಟಿಕೋದ ಕಂಬದ ಹತ್ತಿರ ನಿಂತಿದ್ದೆ. ಇಷ್ಟು ಜನ ನನಗೆ ಬರುವುದಿಲ್ಲ ಎಂಬ ಯೋಚನೆ ಆ ಹೊತ್ತಿನಲ್ಲೂ ಬಂತು.

ಆಗ ಗುಂಪಿನ ನಡುವಿನಿಂದ ಒಂದು ದನಿ ಎದ್ದಿತು. "ನುಗ್ಗಬ್ಯಾಡ್ರಿ! ಒಬ್ಬರ ಹಿಂದೆ ಒಬ್ಬರು ಬರ್ರಿ! ನೋಡಿದೋರು ಮುಂದಕ್ಕೆ ನಡೀರಿ, ಹಿಂದೆ ಜನ ಅವ್ರೆ!" ಖಾಕಿ ಬಟ್ಟೆಯಲ್ಲೇ ಬಂದಿದ್ದ ಕಂಡಕ್ಟರಮ್ಮ ಒಂದು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು. ಜನ ಸಾಲಾದರು. ಮೈಕಿಲ್ಲದ ಆ ದನಿ ರಸ್ತೆಯಾಚೆಯವರೆಗೂ ಹೋಗುತ್ತಿತ್ತು. ಬೇರೆಯವರು ಅತ್ತರೆ ಅಳಲಿ, ನಾನು ಗಂಟಲನ್ನೇ ಕೇಳುತ್ತಾ ನಿಂತೆ. ಏರುದನಿಯಲ್ಲಿ ಒಡಕಿಲ್ಲ. ಗಾಳಿ ಸೋರುತ್ತಿಲ್ಲ. ಬಲಗಡೆಯದು ಎಡಗಡೆಯದಕ್ಕೆ ಸರಿಸಮ ಬಂದು ಕೂಡುತ್ತಿದೆ. ನನ್ನ ಜನ್ಮದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು. ಅದು ಗಂಟೆಗಟ್ಟಲೆ ನಿಂತು ಜನರನ್ನೆಲ್ಲ ಅವರ ಕಡೆಗೆ ಕರೆಯುತ್ತಿತ್ತು.

ಅವಳು ತಿರುಗಿ, ಕಂಬದ ಹತ್ತಿರ ನನ್ನನ್ನು ಕಂಡಳು.

"ಅಮ್ಮಾರೆ! ಅಲ್ಲಿ ಒಬ್ರೇ ಯಾಕ್ ನಿಂತೀರಿ? ಲೈನಿಗೆ ಬರ್ರಿ!"

ಆ ದನಿಗೆ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಗೇಟಿನಾಚೆಗೆ ಹೋಗಿ, ಎಲ್ಲರ ಹಿಂದೆ ನಿಂತುಕೊಂಡೆ.